ಬಾಗಿಲ ಪಕ್ಕದ ಇ-ಪೇಪರ್ ಫಲಕ: ಮನೆಮಂದಿ ನಿಜವಾಗಿ ಓದುವಂತೆ ಮಾಡುವುದು ಹೇಗೆ?

ಇಲ್ಲಿ ಇ-ಪೇಪರ್ ಎಂದರೆ ಕಾಗದದ ಮೇಲಿನ ಅಕ್ಷರದಂತೆ ಕಾಣುವ ಡಿಸ್‌ಪ್ಲೇ. ಮನೆಗೆ ಬೇಕಾದ ಮಾಹಿತಿ ತೋರಿಸುವ ಫಲಕವನ್ನು ಇದರಲ್ಲಿ ನೀವೇ ಮಾಡಿಕೊಳ್ಳಬಹುದು. ಆದರೆ ಮೊದಲೇ ಡಿಸ್‌ಪ್ಲೇ ಕೊಳ್ಳಬೇಡಿ. ಮನೆಯವರು ದಿನಾ ಒಬ್ಬರನ್ನೊಬ್ಬರು ಏನು ಕೇಳುತ್ತಾರೆ ಎಂದು ಒಂದು ವಾರ ಬರೆದಿಡಿ. ಕಾವೇರಿ ನೀರು ಬಂತಾ? ಮೋಟರ್ ಹಾಕಿದ್ರಾ? ಒಣ ಕಸದ ಗಾಡಿ ಇವತ್ತಾ? ಪದೇ ಪದೇ ಬಂದ ನಾಲ್ಕು ಪ್ರಶ್ನೆಗಳಷ್ಟೇ ಫಲಕಕ್ಕೆ ಬರಲಿ. ಸುದ್ದಿ, ಷೇರು ದರ ಫೋನಿನಲ್ಲೇ ಇರಲಿ.

ಮೋಟರ್ ಸ್ವಿಚ್ ಬಾಗಿಲ ಹತ್ತಿರವಿದ್ದರೆ ಫಲಕವನ್ನು ಅದರ ಮೇಲ್ಗಡೆಯೇ ಹಾಕಿ. ಒಲೆಯ ಬಳಿ ಬೇಡ, ಒಗ್ಗರಣೆಯ ಜಿಡ್ಡು ಕೂರುತ್ತದೆ. ಬಾಗಿಲಲ್ಲಿ ನಿಂತವರಿಗೂ ಕಾಣುವುದರಿಂದ ಊರಿಗೆ ಹೋಗುವ ದಿನಾಂಕ ಹಾಕಲೇಬೇಡಿ.

ಬೇಕಾದದ್ದು 7.5 ಇಂಚಿನ ಕಪ್ಪು-ಬಿಳುಪು ಇ-ಪೇಪರ್ (800×480), ಅದನ್ನು ನಡೆಸಲು ಇಎಸ್‌ಪಿ32 ಎಂಬ ವೈಫೈ ಇರುವ ಸಣ್ಣ ಬೋರ್ಡ್, ಸದಾ ಆನ್ ಇರುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್. ಕೆಂಪು ಬಣ್ಣವೂ ಇರುವ ಪ್ಯಾನೆಲ್ ಚಿತ್ರ ಬದಲಿಸಲು ತುಂಬಾ ಹೊತ್ತು ಮಿನುಗುತ್ತದೆ, ಬಿಟ್ಟುಬಿಡಿ.

ಹೆಚ್ಚಿನವರು ಎಡವುವುದು ಕನ್ನಡ ಅಕ್ಷರದಲ್ಲಿ. ಇಎಸ್‌ಪಿ32ರ ಸಾಮಾನ್ಯ ಲೈಬ್ರರಿಗಳಿಗೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ‘ಶುಕ್ರವಾರ’ ಹೋಗಿ ‘ಶುಕ್‌ರವಾರ’ ಆಗುತ್ತದೆ. ಹಾಗಾಗಿ ಇಡೀ ಚಿತ್ರವನ್ನು ಪೈನಲ್ಲೇ ಬರೆಸಿ: ಚಿತ್ರ ಬರೆಯಲು ಪೈಥಾನ್ ಭಾಷೆಯ ಪಿಲ್ಲೋ (Pillow) ಲೈಬ್ರರಿ, ಒತ್ತಕ್ಷರ ಸರಿಯಾಗಿ ಕೂಡಿಸಲು ಲಿಬ್‌ರಾಕ್ಮ್ (libraqm), ಜೊತೆಗೆ ನೋಟೋ ಸಾನ್ಸ್ ಕನ್ನಡದ ಬೋಲ್ಡ್ ಫಾಂಟ್. ಶುರುವಿನಿಂದಲೇ 1-ಬಿಟ್ ಚಿತ್ರವಾಗಿ, ಅಂದರೆ ಬರೀ ಕಪ್ಪು-ಬಿಳುಪಿನಲ್ಲಿ ಬರೆಯಿರಿ. ಬೂದು ಚಿತ್ರವನ್ನು ಆಮೇಲೆ ಬದಲಿಸಿದರೆ ಅಕ್ಷರದ ಅಂಚಿನಲ್ಲಿ ಚುಕ್ಕೆ ಏಳುತ್ತವೆ. ಹೀಗೆ ಸಿದ್ಧವಾದ ಚಿತ್ರದ 48,000 ಬೈಟ್‌ಗಳನ್ನು ಪೈನಿಂದ ತಂದು ತೋರಿಸುವುದಷ್ಟೇ ಬೋರ್ಡ್‌ನ ಕೆಲಸ.

ಓದುವ ದೂರದ ಇನ್ನೂರರಲ್ಲಿ ಒಂದು ಪಾಲು ಅಕ್ಷರದ ಎತ್ತರವಿರಲಿ. 2 ಮೀಟರ್‌ಗೆ 10 ಮಿ.ಮೀ., ಅಂದರೆ ಈ ಪ್ಯಾನೆಲ್‌ನಲ್ಲಿ ಸುಮಾರು 50 ಪಿಕ್ಸೆಲ್. ಫಾಂಟ್ ಸೈಜ್ 50 ಕೊಟ್ಟರೆ ಅಷ್ಟು ಬರುವುದಿಲ್ಲ, ಸ್ಕೇಲ್ ಹಿಡಿದು ಅಳೆಯಿರಿ. ಸಾಲಿಗೆ 120 ಪಿಕ್ಸೆಲ್ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವುದಿಲ್ಲ. ನಾಲ್ಕೇ ಸಾಲು ಹಿಡಿಯುತ್ತವೆ, ಸಾಕು.

‘ಟ್ಯಾಂಕ್ 23%’ ಅಂದರೆ ಅಜ್ಜಿ ಏನು ಮಾಡಬೇಕು? ‘ಮೋಟರ್ ಹಾಕಿ’ ಎಂದೇ ಬರೆಯಿರಿ. ಟ್ಯಾಂಕಿನ ವಾಟರ್‌ಪ್ರೂಫ್ ಅಲ್ಟ್ರಾಸಾನಿಕ್ ಸೆನ್ಸರ್ (ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವಂಥದ್ದು) ತುಂಬಿದ ಮಟ್ಟಕ್ಕಿಂತ 25 ಸೆಂ.ಮೀ.ಗೂ ಮೇಲಿರಲಿ, ಅದಕ್ಕಿಂತ ಹತ್ತಿರದ ನೀರನ್ನು ಅದು ತಪ್ಪಾಗಿ ಅಳೆಯುತ್ತದೆ. ಕಾವೇರಿ ನೀರಿಗೆ ಸೆನ್ಸರ್‌ಗಿಂತ ಒಂದು ಬಟನ್ ವಾಸಿ. ನಲ್ಲಿ ಸದ್ದು ಕೇಳಿದವರು ಒತ್ತಲಿ, ‘ನೀರು: ನಿನ್ನೆ 6:20’ ಎಂದು ಫಲಕ ತೋರಿಸಲಿ.

ಕರೆಂಟ್ ಹೋದರೂ ಇ-ಪೇಪರ್ ಚಿತ್ರ ಅಳಿಯುವುದಿಲ್ಲ. ರೂಟರ್ ಆಫ್ ಆದ ದಿನ ಹಳೆಯ ಮಾಹಿತಿ ಹೊಸದರಂತೆಯೇ ಕಾಣುತ್ತದೆ, ಜನ ಅದನ್ನೇ ನಂಬುತ್ತಾರೆ. ಮೂಲೆಯಲ್ಲಿ ಅಪ್‌ಡೇಟ್ ಆದ ಸಮಯ ಹಾಕಿ. ಮೂರು ಸಲ ಸಂಪರ್ಕ ಸಿಗದಿದ್ದರೆ ತೋರಿಸಲು, ‘ಇದು ಹಳೆಯದು’ ಎಂಬ ಚಿತ್ರವನ್ನು ಮೊದಲೇ ಬೋರ್ಡ್‌ನ ಮೆಮೊರಿಯಲ್ಲಿಡಿ.

ಅರ್ಧ ಗಂಟೆಗೊಮ್ಮೆ ಅಪ್‌ಡೇಟ್ ಸಾಕು. ಭಾಗಶಃ ರಿಫ್ರೆಶ್ (ಬದಲಾದ ಭಾಗವನ್ನಷ್ಟೇ ಮತ್ತೆ ಬರೆಯುವುದು) ಮಾತ್ರ ಬಳಸುತ್ತಿದ್ದರೆ ಹಳೆ ಅಕ್ಷರದ ನೆರಳು ಉಳಿಯುತ್ತದೆ, ದಿನಕ್ಕೊಮ್ಮೆಯಾದರೂ ಪೂರ್ತಿ ರಿಫ್ರೆಶ್ ಮಾಡಿಸಿ. ಬೋರ್ಡ್ ವೈಫೈಗೆ ಸೇರದಿದ್ದರೆ ರೂಟರ್‌ನಲ್ಲಿ 2.4 ಗಿಗಾಹರ್ಟ್ಸ್ ಆನ್ ಇದೆಯೇ ನೋಡಿ. ಇಎಸ್‌ಪಿ32ಗೆ 5 ಗಿಗಾಹರ್ಟ್ಸ್ ಕಾಣುವುದಿಲ್ಲ.