ಕೆನಡಾದ ಪ್ರೇರಿ ಚಳಿಗೆ ಯಾವ ಪಾಪ್ಲರ್ ನೆಡಬೇಕು?

ಪಾಪ್ಲರ್ ಗಿಡ ಮಾರುವವರು ಮೊದಲು ಹೇಳುವುದು ಅದು ಬೆಳೆಯುವ ವೇಗ. ನೀರು ಸಿಕ್ಕರೆ ಹೈಬ್ರಿಡ್ ಪಾಪ್ಲರ್‌ಗಳೆಲ್ಲ ವರ್ಷಕ್ಕೆ ಒಂದು ಮೀಟರ್ ಏರುತ್ತವೆ, ಅದರಲ್ಲಿ ವಿಶೇಷವಿಲ್ಲ. ಮೈನಸ್ 40 ಡಿಗ್ರಿ ಮುಟ್ಟುವ ಸಸ್ಕಾಚೆವಾನ್, ಆಲ್ಬರ್ಟಾ ಬಯಲಿನಲ್ಲಿ ಕೇಳಬೇಕಾದ್ದು ಬೇರೆಯೇ: ಈ ತಳಿ ಚಿಗುರುವುದನ್ನು ಯಾವಾಗ ನಿಲ್ಲಿಸುತ್ತದೆ?

ಹಗಲು ಕಿರಿದಾಗುವುದೇ ಪಾಪ್ಲರ್‌ಗೆ ಸೂಚನೆ. ದಕ್ಷಿಣದ ತಳಿ ಇಲ್ಲಿ ಸೆಪ್ಟೆಂಬರಿನಲ್ಲೂ ಚಿಗುರುತ್ತಲೇ ಇರುತ್ತದೆ. ಎಳೆ ತುದಿ ಬಲಿಯುವ ಮೊದಲೇ ಹಿಮ ಬಿದ್ದು ಕರಕಲಾಗುತ್ತದೆ, ಸತ್ತ ಭಾಗದಿಂದ ಕಾಂಡದ ಹುಣ್ಣುರೋಗ ಒಳಹೊಗುತ್ತದೆ. ಪಂಜಾಬಿನಲ್ಲಿ ಪ್ಲೈವುಡ್ಡಿಗೆ ಬೆಳೆಯುವ ತಳಿಗಳು ಬಹುತೇಕ ಅಮೆರಿಕದ ದಕ್ಷಿಣದಿಂದ ಬಂದವು; ಇಲ್ಲಿ ಅವುಗಳ ಮಾತೇ ಬೇಡ.

ಸಸ್ಕಾಚೆವಾನ್‌ನ ಇಂಡಿಯನ್ ಹೆಡ್‌ನಲ್ಲಿ ಆಯ್ದ ತಳಿಗಳು ಈ ಚಳಿಗೆ ಒಗ್ಗಿದವು. ಅವುಗಳಲ್ಲಿ ‘ವಾಕರ್’ ಹೆಣ್ಣು. ಜೂನ್ ಸುಮಾರಿಗೆ ಅದರ ಬೀಜದ ಅರಳೆ ಹಾರಿ ಕಿಟಕಿಯ ಜಾಲರಿಗೆಲ್ಲ ಮೆತ್ತುತ್ತದೆ. ಅದರ ಸಂತತಿಯ ‘ಅಸಿನಿಬೋಯ್ನ್’ ಮತ್ತು ‘ಓಕನೀಸ್’ ಗಂಡು, ಅರಳೆಯ ಕಾಟವಿಲ್ಲ. ಗಾಳಿತಡೆ ಸಾಲಿಗೆ ಇವೆರಡರಲ್ಲಿ ಒಂದು ಸಾಕು. ‘ಎನ್‌ಎಂ6’ ಎಂಬ ಹೈಬ್ರಿಡ್ ತಳಿ ಬೇಗ ಬೆಳೆದರೂ ಅದಕ್ಕೆ ಸೆಪ್ಟೋರಿಯಾ ಎಂಬ ಶಿಲೀಂಧ್ರದ ಹುಣ್ಣುರೋಗ ತಗಲಬಹುದು. ಜಾಗ ಕಿರಿದೆಂದು ಕಂಬದಂತೆ ಬೆಳೆಯುವ ಲೊಂಬಾರ್ಡಿ ಪಾಪ್ಲರ್ ನೆಟ್ಟರೆ ಅದೂ ಹುಣ್ಣುರೋಗದಿಂದ ಅಲ್ಪಾಯುಷಿ. ಪಾಪ್ಲರ್ ಬಳಗದ್ದೇ ಆದ, ಕಂಬದಂಥ ಸ್ವೀಡಿಷ್ ಆಸ್ಪೆನ್ ಚಳಿಗೆ ಗಟ್ಟಿ, ಆದರೆ ಕಂಚುಬಣ್ಣದ ಎಲೆರೋಗ ಅದಕ್ಕೆ ಅಂಟುತ್ತದೆ: ಬೇಸಿಗೆಯ ಕೊನೆಗೆ ಎಲೆ ಕಂದಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಔಷಧವಿಲ್ಲ, ಆ ಕೊಂಬೆಯನ್ನು ಕೂಡಲೇ ಕತ್ತರಿಸಿ ತೆಗೆಯಬೇಕು.

ಕಡ್ಡಿಯಿಂದಲೇ ಬೆಳೆಸಬಹುದು (ಆಸ್ಪೆನ್ ಮಾತ್ರ ಹೀಗೆ ಸುಲಭವಾಗಿ ಬೇರು ಬಿಡದು). ಚಳಿಗಾಲದ ಕೊನೆಗೆ, ಕಣ್ಣು ಉಬ್ಬುವ ಮೊದಲು, ಹಿಂದಿನ ವರ್ಷದ ಚಿಗುರಿನಿಂದ 20–25 ಸೆಂ.ಮೀ. ಉದ್ದದ, ಬೆರಳು ದಪ್ಪದ ತುಂಡು ಕತ್ತರಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ. ಮಣ್ಣು 10 ಡಿಗ್ರಿಗೆ ಬಂದಾಗ, ಒಂದೆರಡು ದಿನ ನೀರಲ್ಲಿ ನೆನೆಸಿ, ಕಣ್ಣು ಮೇಲ್ಮುಖವಾಗಿರುವಂತೆ ನೆಟ್ಟು ಒಂದೇ ಕಣ್ಣು ಹೊರಗೆ ಬಿಡಿ. ಬುಡದ ಮಣ್ಣು ಒತ್ತಿ. ಟೊಳ್ಳು ಉಳಿದರೆ ಬೇರು ಬರುವ ಮೊದಲೇ ಕಡ್ಡಿ ಒಣಗುತ್ತದೆ. ಸಾಲಿನಲ್ಲಿ 2.5–3 ಮೀಟರ್ ಅಂತರವಿರಲಿ.

ಮೊದಲ ಮೂರು ವರ್ಷ ಹುಲ್ಲೇ ದೊಡ್ಡ ಶತ್ರು. ಬುಡದ ಸುತ್ತ ಒಂದು ಮೀಟರ್ ಬೋಳಾಗಿರಲಿ. ಜುಲೈ ನಂತರ ಸಾರಜನಕ ಗೊಬ್ಬರ ಹಾಕಬೇಡಿ, ಹಾಕಿದರೆ ಚಳಿಗೊಗ್ಗಿದ ತಳಿಯೂ ಚಿಗುರುವುದನ್ನು ತಡವಾಗಿ ನಿಲ್ಲಿಸುತ್ತದೆ. ಹಿಮದಡಿ ಇಲಿ ತೊಗಟೆ ಕೆರೆಯದಂತೆ ಬುಡಕ್ಕೆ ತಂತಿ ಬಲೆ ಸುತ್ತಿ, ಕೆಳ ಅಂಚನ್ನು ಮಣ್ಣಿನೊಳಗೆ ಇಳಿಸಿ. ಮನೆ, ಚರಂಡಿ ಪೈಪುಗಳಿಂದ ಕನಿಷ್ಠ 15 ಮೀಟರ್ ದೂರ ನೆಡಿ. ಬಿರುಕು ಬಿಟ್ಟ ಪೈಪಿನಲ್ಲಿ ನೀರಿದ್ದರೆ ಬೇರು ಅಲ್ಲಿಗೇ ನುಗ್ಗುತ್ತದೆ.