ಮೂರು ಲೋಟ, ಹನ್ನೆರಡು ಸೀಸೆ: ಬಿಯರ್ ರುಚಿ ಕಲಿತ ನನ್ನ ಅನುಭವ

ಕಳೆದ ತಿಂಗಳು ನಮ್ಮ ಮಾಳಿಗೆ ಮೇಲೆ ಆರು ಜನ ಕೂತಿದ್ದೆವು. ಒಬ್ಬೊಬ್ಬರ ಮುಂದೆ ಮೂರು ಸ್ಟೀಲ್ ಲೋಟ. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಬೇರೆ ಯಾವುದು ಅಂತ ಹೇಳಬೇಕು, ಅಷ್ಟೇ ಆಟ. ಮೊದಲ ಸುತ್ತಿನಲ್ಲಿ ಐದು ಜನ ಸರಿಯಾಗಿ ಹೇಳಿದರು. ಎರಡನೆಯದರಲ್ಲೂ ಐದು. ಮೂರನೆಯದರಲ್ಲಿ ಆರೂ ಜನ. ಸುಮ್ನೆ ಊಹೆ ಮಾಡಿದರೆ ಆರರಲ್ಲಿ ಇಬ್ಬರಿಗೆ ಹತ್ತುತ್ತದೆ. ಎರಡು ವರ್ಷದ ಹಿಂದೆ ಇದೇ ಆರು ಜನರಲ್ಲಿ ಹತ್ತಿದ್ದು ಸರಿಯಾಗಿ ಇಬ್ಬರಿಗೆ.

"ನಮ್ಮ ಮಂದಿಗೆ ಸ್ಟ್ರಾಂಗ್ ಬಿಯರ್ ಬಿಟ್ರ ಬ್ಯಾರೆ ಏನೂ ನಡ್ಯಾಂಗಿಲ್ಲ, ಸುಮ್ನ ರೊಕ್ಕಾ ಯಾಕ ಹಾಳ ಮಾಡ್ತಿ" ಅಂದವರು ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣ ಮಷಿನ್ ಶಾಪ್. ದಿನವೆಲ್ಲ ಮೈಕ್ರೋಮೀಟರ್ ಹಿಡಿದು ಕೂರುವವನಿಗೆ "ಚಲೋ ಐತಿ", "ಚಲೋ ಇಲ್ಲ" ಅನ್ನುವ ಎರಡೇ ಮಾತು ಸಾಲುವುದಿಲ್ಲ. ಎಷ್ಟು ಚಲೋ, ಯಾಕೆ ಚಲೋ, ಯಾವುದಕ್ಕಿಂತ ಚಲೋ? ನನ್ನ ರೋಗ ಅದು. ಲಾಗರ್ ಅಂದರೆ ತಂಪಿನಲ್ಲಿ ನಿಧಾನ ಹುದುಗಿಸಿದ ಬಿಯರ್, ಏಲ್ ಅಂದರೆ ಬೆಚ್ಚಗೆ ಬೇಗ ಹುದುಗಿಸಿದ್ದು, ಅಷ್ಟು ಗೊತ್ತಿದ್ದರೆ ಸಾಕು. ನೇರ ಸೋತ ಕತೆಗೇ ಬರುತ್ತೇನೆ.

ಮೊದಲ ಕೂಟ 2023ರ ಮೇ ತಿಂಗಳಲ್ಲಿ. ಎರಡು ಲಾಗರ್, ಎರಡು ಸ್ಟ್ರಾಂಗ್, ಒಂದು ಗೋಧಿ ಬಿಯರ್, ಬೆಂಗಳೂರಿನಿಂದ ತಮ್ಮ ತಂದ ಒಂದು ಸ್ಟೌಟ್, ಅಂದರೆ ಹೊತ್ತಿಸಿದ ಬಾರ್ಲಿಯ ಕರಿ ಬಿಯರ್. ಬಿಲ್ಲು ನಾಲ್ಕು ಸಾವಿರದ ಹತ್ತಿರ. ಜೊತೆಗೆ ಎಣ್ಣೆಗಾಯಿ, ಕೆಂಪಿಂಡಿ, ಬಿಸಿ ಮಿರ್ಚಿ. ಎಲ್ಲ ಬಾಟಲಿಯನ್ನೂ ಐಸ್ ಬಕೆಟ್‌ನಲ್ಲಿ ಮುಳುಗಿಸಿ ಇಟ್ಟಿದ್ದೆ. ನಾಲಿಗೆ ಒಂದು ಕಡೆ ಖಾರಕ್ಕೆ ಉರಿಯುತ್ತಿತ್ತು, ಇನ್ನೊಂದು ಕಡೆ ತಂಪಿಗೆ ಜೋಮು ಹಿಡಿದಿತ್ತು. ರುಚಿ ಯಾರಿಗೆ ತಿಳಿಯಬೇಕು? ಎರಡು ನೂರು ಎಂ.ಎಲ್. ಸ್ಟೌಟನ್ನು ಒಬ್ಬರು ತುಳಸಿ ಗಿಡಕ್ಕೆ ಸುರಿಯಲು ಹೋದರು, ನನ್ನ ಹೆಂಡತಿ ನೋಡಿ ಬೈದಳು. ಕಡೆಗೆ ಎಲ್ಲರೂ ಸ್ಟ್ರಾಂಗ್ ತರಿಸಿಕೊಂಡು ಕುಡಿದು ಮನೆಗೆ ಹೋದರು.

ಎರಡನೇ ಸಲ ಬೇಗ ತಂಪಾಗಲಿ ಅಂತ ಫ್ರೀಜರ್‌ನಲ್ಲಿ ನಾಲ್ಕು ಪಿಂಟ್ (330 ಎಂ.ಎಲ್. ಬಾಟಲಿ) ಇಟ್ಟೆ. ಅಷ್ಟರಲ್ಲಿ ಶಾಪ್‌ನಿಂದ ಫೋನ್ ಬಂತು, ಹೋದೆ, ಮರೆತೆ. ವಾಪಸ್ ಬರುವಷ್ಟರಲ್ಲಿ ಮೂರು ಒಡೆದಿದ್ದವು. ಬಟಾಣಿ ಪ್ಯಾಕೆಟ್ಟಿನ ಮೇಲೆಲ್ಲ ಗಾಜಿನ ಚೂರು ಮತ್ತು ಬಿಯರ್ ಐಸು. ಏಳುನೂರು ರೂಪಾಯಿ ಹೋಯಿತು, ಮರ್ಯಾದೆ ಬೇರೆ.

ಮೂರನೇ ಸಲ ನೊರೆ ನಿಲ್ಲಲಿಲ್ಲ. ಸುರಿದ ಎರಡು ನಿಮಿಷಕ್ಕೆ ಸಪ್ಪೆ. ಹಳೇ ಮಾಲು ಕೊಟ್ಟ ಅಂತ ಅಂಗಡಿಯವನನ್ನೇ ಬೈದೆ. ತಪ್ಪು ನಮ್ಮ ಅಡುಗೆಮನೆಯದು. ಎಣ್ಣೆ ಪಾತ್ರೆ ತಿಕ್ಕಿದ ಸ್ಪಂಜಿನಲ್ಲೇ ಲೋಟ ತಿಕ್ಕಿದ್ದರು. ಈಗ ಬೇರೆ ಸ್ಪಂಜು, ವಾಷಿಂಗ್ ಸೋಡಾ, ಆಮೇಲೆ ಮೂರು ಸಲ ಬರೀ ನೀರು. ಅನುಮಾನ ಬಂದರೆ ಒದ್ದೆ ಲೋಟದೊಳಗೆ ಉಪ್ಪು ಉದುರಿಸಿ ನೋಡಿ. ಜಿಡ್ಡು ಇದ್ದ ಕಡೆ ಉಪ್ಪು ಅಂಟುವುದಿಲ್ಲ.

ನಾಲ್ಕನೆಯದು ಗೋವಾದಲ್ಲಿ. ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್ ಅನ್ನುವ ಕಹಿ ಬಿಯರ್, ನನಗೆ ನಮ್ಮೂರಲ್ಲಿ ಸಿಗಲಿಲ್ಲ. ಚೋರ್ಲಾ ಘಾಟ್ ಇಳಿದು ನಾಲ್ಕು ಜನ ಹೋದೆವು. ಕ್ಯಾನ್ ತರೋಣ ಅಂದರೆ ಪರ್ಮಿಟ್ ಇಲ್ಲದೆ ಗಡಿ ದಾಟಿಸುವಂತಿಲ್ಲ. ಅಲ್ಲೇ ಕುಡಿದು, ಅಲ್ಲೇ ಮಲಗಿ ಬಂದೆವು. ಹೋಟೆಲು, ಪೆಟ್ರೋಲು ಸೇರಿ ಒಂಬತ್ತು ಸಾವಿರ ಚಿಲ್ಲರೆ. ದುಡ್ಡು ಹೋಗಿದ್ದಕ್ಕೆ ಬೇಜಾರಿಲ್ಲ. ಮೊದಲ ಗ್ಲಾಸೇ ಐಪಿಎ ತಗೊಂಡಿದ್ದಕ್ಕೆ ಬೇಜಾರು. ಅದರ ಕಹಿ ಒಮ್ಮೆ ನಾಲಿಗೆ ಮೇಲೆ ಕೂತರೆ, ಆಮೇಲೆ ಕುಡಿದ ಐದೂ ನೀರಿನ ಹಾಗೇ.

ಆ ಹೊತ್ತಿಗೆ ಮೂವರು ಕೈಬಿಟ್ಟಿದ್ದರು. "ಬಾಟಲಿಗೆ ಥರ್ಮಾಮೀಟರ್ ಹಚ್ಚತಾನಂತ, ಜ್ವರಾ ಬಂದೈತೇನ್ ನೋಡಾಕ" ಅಂತ ಫೌಂಡ್ರಿಯವರು ನಗುತ್ತಿದ್ದರು. ದಿನಾ ಕರಗಿದ ಕಬ್ಬಿಣದ ಶಾಖ ನೋಡಿ ಅಚ್ಚಿಗೆ ಹೊಯ್ಯುವ ಜನ, ಬಿಯರಿಗೆ ಶಾಖ ನೋಡಿದರೆ ನಗುತ್ತಾರೆ!

ಕೆಲಸಕ್ಕೆ ಬಂದದ್ದು ಎರಡು ಸಂಗತಿ. ಮೂರು ಲೋಟದ ಪರೀಕ್ಷೆ ಒಂದು, ವಾಸನೆಯ ಸೀಸೆಗಳು ಇನ್ನೊಂದು.

ಮೂರು ಲೋಟದ ಪರೀಕ್ಷೆ ನಾನು ಕಂಡುಹಿಡಿದದ್ದಲ್ಲ, ದೊಡ್ಡ ಬ್ರೂವರಿಗಳಲ್ಲೂ ಇದನ್ನೇ ಮಾಡುತ್ತಾರೆ. ನಾನು ಅದನ್ನು ಮನೆ ಲೆಕ್ಕಕ್ಕೆ ಇಳಿಸಿದೆ. ಆರು ಜನಕ್ಕೆ ಹದಿನೆಂಟು ಲೋಟ, ಲೋಟಕ್ಕೆ ಅರವತ್ತು ಎಂ.ಎಲ್. ಅಂದರೆ ಒಂದು ಸುತ್ತಿಗೆ ಈ ಬಿಯರ್ ಎರಡು ಪಿಂಟ್, ಆ ಬಿಯರ್ ಎರಡು ಪಿಂಟ್. ಮೂವರಿಗೆ ಇದು ಒಂಟಿ, ಮೂವರಿಗೆ ಅದು ಒಂಟಿ. ಸ್ಟೀಲ್ ಲೋಟ ಯಾಕೆಂದರೆ ಬಣ್ಣ ನೋಡಿ ಕದಿಯಬಾರದು. ಸಂಜೆ ಆದ ಮೇಲೆ, ಮಂದ ಬಲ್ಬಿನಲ್ಲಿ. ಸುರಿಯುವುದು ಅಡುಗೆಮನೆಯಲ್ಲಿ ನನ್ನ ಹೆಂಡತಿ. ಅವಳು ಕುಡಿಯುವುದಿಲ್ಲ, ಹಾಗಾಗಿ ಕೈ ಅಳತೆ ತಪ್ಪುವುದಿಲ್ಲ. ಲೋಟದ ತಳಕ್ಕೆ ಮಾರ್ಕರ್‌ನಲ್ಲಿ ಅಂಕೆ ಬರೆದಿರುತ್ತಾಳೆ. ಯಾವುದು ಯಾವುದು ಅಂತ ನನಗೂ ಗೊತ್ತಿರುವುದಿಲ್ಲ. ಮೂರು ಸುತ್ತಾದರೂ ಒಬ್ಬರ ಹೊಟ್ಟೆಗೆ ಹೋಗುವುದು ಅರ್ಧ ಲೀಟರ್ ಚಿಲ್ಲರೆ. ಆಮೇಲೆ ಎಲ್ಲರೂ ಆಟೋದಲ್ಲಿ ಮನೆಗೆ, ಅದರಲ್ಲಿ ರಾಜಿ ಇಲ್ಲ.

ಈ ಪರೀಕ್ಷೆಯ ಮೊದಲ ಬಲಿ ನಮ್ಮ ಕಾಕಾ. ಸ್ವಂತ ಕಾಕಾ ಅಲ್ಲ, ಫೌಂಡ್ರಿಯಿಂದ ರಿಟೈರ್ ಆದ ಓಣಿಯ ಹಿರಿಯ. ಮೂವತ್ತು ವರ್ಷದಿಂದ ಒಂದೇ ಸ್ಟ್ರಾಂಗ್ ಬ್ರ್ಯಾಂಡ್. ಬೇರೆಯದು ಕೊಟ್ಟರೆ ವಾಸನೆಯಲ್ಲೇ ಹಿಡಿಯುತ್ತೇನೆ ಅಂತ ಐನೂರು ರೂಪಾಯಿ ಪಣ ಕಟ್ಟಿದರು. ಅವರದ್ದೇ ಬ್ರ್ಯಾಂಡ್, ಪಕ್ಕದ ಇನ್ನೊಂದು ಸ್ಟ್ರಾಂಗ್. ಮೂರು ಸಲ ಕೊಟ್ಟೆವು, ಮೂರೂ ಸಲ ತಪ್ಪು. ಲೋಟ ಕೆಳಗಿಟ್ಟು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾದ್ರ ಇಷ್ಟ ವರ್ಷ ನಾ ಲೇಬಲ್ ಕುಡದ್ನೇನಲೇ?" ಅಂದರು. ಐನೂರು ಕೊಟ್ಟು, ಮುಂದಿನ ಕೂಟ ಯಾವಾಗ ಅಂತ ಕೇಳಿದರು. ನಾನು ಗೆದ್ದದ್ದು ಅವತ್ತೇ.

ಇನ್ನು ಸೀಸೆಗಳು. ಬಾಯಲ್ಲಿ ಏನೋ ಬೇರೆ ಇದೆ ಅಂತ ಗೊತ್ತಾಗುತ್ತದೆ, ಹೇಳಲು ಹೆಸರಿಲ್ಲ. ಬಿಯರ್ ಬಗ್ಗೆ ಬರೆದಿದ್ದೆಲ್ಲ ಬ್ಲ್ಯಾಕ್‌ಕರಂಟ್, ಪೈನ್ ಮರ ಅನ್ನುತ್ತದೆ. ನಾವೇನು ಪೈನ್ ಮರ ಮೂಸಿ ಬೆಳೆದವರಾ? ಹಾಗಾಗಿ ಅಡುಗೆಮನೆಯ ಒಗ್ಗರಣೆ ಡಬ್ಬಿ ತಗೊಂಡು ಏಳು ಬಟ್ಟಲಿಗೆ ಏಳು ವಾಸನೆ ತುಂಬಿದೆ. ಲವಂಗ, ಹವೀಜ (ಕೊತ್ತಂಬರಿ ಬೀಜ), ಕಿತ್ತಳೆ ಸಿಪ್ಪೆ, ಕಾಫಿ ಪುಡಿ, ಮಹಾಲಿಂಗಪುರದ ಬೆಲ್ಲ, ಹೊತ್ತಿದ ಜೋಳದ ರೊಟ್ಟಿ, ನೆನೆಸಿದ ರಟ್ಟು (ಹಳೇ ಬಿಯರ್ ನಾರುವುದು ಹೀಗೇ). ಒಂದು ವಾರಕ್ಕೆ ಇಡೀ ಡಬ್ಬಿಯೇ ಲವಂಗ ನಾರಿತು. ಬೆಲ್ಲವೂ ಲವಂಗ, ರಟ್ಟೂ ಲವಂಗ. ಆಮೇಲೆ ಹೋಮಿಯೋಪತಿ ಗುಳಿಗೆಯ ಖಾಲಿ ಸೀಸೆ ತಂದೆ, ಡಜನ್ನಿಗೆ ನೂರು ರೂಪಾಯಿ ಇದ್ದಿರಬೇಕು. ಕಳಿತ ಬಾಳೆಹಣ್ಣು, ಬೆಣ್ಣೆ, ಬೇಯಿಸಿದ ಗೋವಿನಜೋಳದ ನೀರು, ಹಸಿರು ಸೇಬು ಸೇರಿಸಿದೆ. ಹನ್ನೆರಡನೆಯದರಲ್ಲಿ ಏನಿದೆ ಅಂತ ಹೇಳುವುದಿಲ್ಲ. ಕೂಟದವರಿಗೂ ಹೇಳಿಲ್ಲ.

ಕುಡಿಯುವ ಮೊದಲು ಎರಡು ಸೀಸೆ ಮೂಸಬೇಕು, ಒಂದು ಗುಟುಕು, ಮತ್ತೆ ಮೂಸಬೇಕು. ಹನ್ನೆರಡನ್ನೂ ಒಟ್ಟಿಗೆ ಮೂಸಿದರೆ ಮೂಗು ಸತ್ತುಹೋಗುತ್ತದೆ. ಅದೂ ಮಾಡಿ ನೋಡಿದ್ದೇವೆ.

ಇದು ಹತ್ತಿದ್ದು ಜರ್ಮನ್ ಬಗೆಯ ಗೋಧಿ ಬಿಯರಿನಲ್ಲಿ. ಎಂಟು ಡಿಗ್ರಿಗೆ ತಂದು, ಬಾಟಲಿಯ ಮುಕ್ಕಾಲು ಸುರಿದು, ಉಳಿದದ್ದನ್ನು ಕಲಕಿ ತಳದ ಈಸ್ಟ್ ಸಮೇತ ಹಾಕಿದೆವು. ಕಾಕಾ ಮೂಸಿದರು, ಸೀಸೆ ಮೂಸಿದರು, ಮತ್ತೆ ಲೋಟ. "ಬಾಳಿಹಣ್ಣ ಹಾಕ್ಯಾರೇನಲೇ ಇದರಾಗ?" ಹಾಕಿಲ್ಲ, ಆ ಈಸ್ಟೇ ಬಾಳೆಹಣ್ಣು, ಲವಂಗ ಎರಡೂ ವಾಸನೆ ಹುಟ್ಟಿಸುತ್ತದೆ ಅಂದೆ. ನಂಬಲಿಲ್ಲ. ಜರ್ಮನಿಯ ಬವೇರಿಯಾದಲ್ಲಿ 1516ರಲ್ಲೇ ಬಾರ್ಲಿ, ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂವು), ನೀರು ಬಿಟ್ಟು ಬೇರೇನೂ ಹಾಕಬಾರದು ಅಂತ ಕಟ್ಟಳೆ ಬಂದಿತ್ತು ಅಂತ ಹೇಳಿದೆ. "ಮತ್ತ ಗೋದಿ ಹೆಂಗ ಬಂತು?" ಅಂತ ಹಿಡಿದರು. ಅದನ್ನು ಮಾಡುವ ಹಕ್ಕನ್ನು ಅಲ್ಲಿನ ದೊರೆಗಳು ಆಮೇಲೆ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಇದನ್ನು ಮಾತ್ರ ಕಾಕಾ ತಕ್ಷಣ ನಂಬಿದರು.

ಹೂಗಾರ್ಡನ್ ಅನ್ನುವ ಗೋಧಿ ಬಿಯರ್ ಬೇರೆ ಕತೆ. ಬೆಲ್ಜಿಯಂನ ಅದೇ ಹೆಸರಿನ ಊರಲ್ಲಿ ನಿಂತೇ ಹೋಗಿದ್ದ ಬಿಳಿ ಬಿಯರನ್ನು 1966ರಲ್ಲಿ ಪಿಯರ್ ಸೆಲಿಸ್ ಅನ್ನುವವರು ಮತ್ತೆ ಶುರು ಮಾಡಿದರು. ಇದರಲ್ಲಿ ಹವೀಜ, ಕಿತ್ತಳೆ ಸಿಪ್ಪೆ ನಿಜಕ್ಕೂ ಹಾಕುತ್ತಾರೆ. ಹವೀಜದ ಸೀಸೆ ಮೂಸಿದ ಮೇಲೆ ಇದನ್ನು ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲ. ಗಿರ್ಮಿಟ್ ಜೊತೆ ಕುಡಿದು ನೋಡಿ. ಈಗ ಕೂಟದಲ್ಲಿ ಗಿರ್ಮಿಟ್‌ಗೂ ಖಾರ ಅರ್ಧ. ಪರೀಕ್ಷೆ ಹೊತ್ತಿನಲ್ಲಿ ಬರೀ ಚುರಮರಿ, ಉಪ್ಪಿಲ್ಲದ ಹುರಿದ ಶೇಂಗಾ.

ಜಾಸ್ತಿ ಬೆಲೆ ಕೊಟ್ಟು ಕಲಿತ ಪಾಠ ಹಸಿರು ಬಾಟಲಿಯದ್ದು. ಅದರಲ್ಲಿ ಒಂದು ಥರ ಘಾಟು ವಾಸನೆ ಇರುತ್ತದಲ್ವಾ, ಅದೇ ಇಂಪೋರ್ಟೆಡ್ ಮಾಲಿನ ಗುರುತು ಅಂತ ನಮ್ಮಲ್ಲಿ ನಾಲ್ಕು ಜನ ನಂಬಿದ್ದರು. ಒಂದೇ ಪೆಟ್ಟಿಗೆಯ ಎರಡು ಬಾಟಲಿ ತಂದು, ಒಂದನ್ನು ರಟ್ಟಿನ ಡಬ್ಬಿಯೊಳಗೆ, ಒಂದನ್ನು ಮಾಳಿಗೆಯ ಬಿಸಿಲಲ್ಲಿ ಇಟ್ಟೆ. ಸುಮಾರು ಒಂದು ತಾಸು. ಆಮೇಲೆ ಎರಡನ್ನೂ ಒಂದೇ ತಂಪಿಗೆ ತಂದು ಮೂರು ಲೋಟಕ್ಕೆ ಹಾಕಿಸಿದೆ. ಎಲ್ಲರೂ ಒಂದೇ ಏಟಿಗೆ ಹಿಡಿದರು. ಬಿಸಿಲಿನದ್ದು ಬೆಕ್ಕು ಉಚ್ಚೆ ಹೊಯ್ದ ಮೂಲೆಯ ಹಾಗೆ. ಹಾಪ್ಸ್‌ನ ಕಹಿಗೆ ಬೆಳಕು ಬಿದ್ದರೆ ಹಾಗಾಗುತ್ತದೆ. ಕಂದು ಗಾಜು ಬೆಳಕನ್ನು ತಡೆಯುತ್ತದೆ, ಹಸಿರು ಅಷ್ಟಾಗಿ ತಡೆಯುವುದಿಲ್ಲ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ವಾರಗಟ್ಟಲೆ ನಿಂತ ಬಾಟಲಿಗೆ ನಾವು ಡಬಲ್ ದುಡ್ಡು ಕೊಟ್ಟು, ಆ ನಾತವನ್ನೇ ಹೊಗಳಿಕೊಂಡು ಕುಡಿಯುತ್ತಿದ್ದೆವು!

ನಡುವೆ ಒಂದು ಹುಚ್ಚು. ಮಾಲ್ಟ್ ಅಂದರೆ ಏನು ಅಂತ ಬಾಯಿಗೆ ತಿಳಿಯಬೇಕು ಅಂತ ಜವೆಗೋಧಿ (ಬಾರ್ಲಿ) ನೆನೆಸಿ ಮೊಳಕೆ ಬರಿಸಿ, ಒಣಗಿಸಿ, ಮೂರು ಹದಕ್ಕೆ ಹುರಿದೆ. ಬಿಳಿ, ಕಂದು, ಕರಿ. ಬಿಳಿಯದನ್ನು ಒಡೆದು ಅರವತ್ತೈದು ಡಿಗ್ರಿ ನೀರಿನಲ್ಲಿ ಒಂದು ತಾಸು ಇಟ್ಟರೆ ಗಂಜಿ ತಾನಾಗೇ ಸಿಹಿಯಾಗುತ್ತದೆ, ಬೆಲ್ಲ ಹಾಕಿದ ಹಾಗೆ. ಕರಿ ಪುಡಿ ಒಂದು ಚಮಚ ಸೇರಿಸಿದರೆ ಸ್ಟೌಟಿನ ಬಣ್ಣ, ಹೊತ್ತಿದ ರೊಟ್ಟಿಯ ರುಚಿ. ಅಷ್ಟಕ್ಕೇ ನಿಲ್ಲಿಸಿದೆ. ಈಸ್ಟ್ ಹಾಕಿ ಹುಳಿ ಬರಿಸಲು ಲೈಸೆನ್ಸ್ ಬೇಕು. ಆ ಉಸಾಬರಿ ನನಗೆ ಬೇಡ.

ವಿಜಯಪುರದ ಬಿಳಿಜೋಳದಲ್ಲೂ ಮಾಡೋಣ ಅಂತ ಐದು ಕಿಲೋ ತಂದೆ. ಆಫ್ರಿಕಾದಲ್ಲಿ ಜೋಳದ ಬಿಯರ್ ಉಂಟು, ನಮ್ಮ ಜೋಳ ಏನು ಕಮ್ಮಿ? ಅದೇ ಅರವತ್ತೈದು ಡಿಗ್ರಿಯಲ್ಲಿ ಸಿಹಿ ಬರಲೇ ಇಲ್ಲ. ಜೋಳದ ಹಿಟ್ಟು ಬೇಯಲು ಇನ್ನೂ ಹೆಚ್ಚು ಶಾಖ ಬೇಕು. ಅಷ್ಟರಲ್ಲಿ ಅವ್ವ ಬಂದು, "ಎಳಿ ಜೋಳಾ ತಿಂದ್ರ ದನಾನ ಸಾಯ್ತಾವು, ನೀ ಅದರ ಮಳಕಿ ಕುಡ್ಯಾಕ ಹೊಂಟೀಯೇನು?" ಅಂದಳು. ಅವಳು ಹೇಳಿದ್ದು ಸರಿ. ಎಳೆ ಮೊಳಕೆಯಲ್ಲಿ ಸೈನೈಡ್ ಹುಟ್ಟಿಸುವ ಅಂಶ ಇರುತ್ತದೆ. ಉಳಿದ ನಾಲ್ಕು ಕಿಲೋ ರೊಟ್ಟಿಗೆ ಹೋಯಿತು.

ಶಾಖದ ಲೆಕ್ಕ ನನ್ನ ನೋಟ್‌ಬುಕ್ಕಿನಲ್ಲಿ ಹೀಗಿದೆ. ಲಾಗರ್ ಐದಾರು ಡಿಗ್ರಿ, ಗೋಧಿ ಎಂಟು, ಸ್ಟೌಟ್ ಹನ್ನೊಂದು ಹನ್ನೆರಡು. ಸ್ಟೌಟನ್ನು ಫ್ರಿಜ್‌ನಿಂದ ತೆಗೆದು ಅರ್ಧ ತಾಸು ಬಿಟ್ಟು, ಬೆಳಗಾವಿ ಕುಂದಾ ಒಂದು ಚಮಚದ ಜೊತೆ ಕೊಟ್ಟೆ. ತುಳಸಿಗೆ ಸುರಿಯಲು ಹೋಗಿದ್ದ ಪುಣ್ಯಾತ್ಮ ಎರಡನೇ ಲೋಟ ಕೇಳಿದ. ಹೊತ್ತಿದ ಹಾಲಿನ ಸಿಹಿಗೆ ಹೊತ್ತಿದ ಬಾರ್ಲಿಯ ಕಹಿ. ಈ ಜೋಡಿ ನನ್ನದೇ ಶೋಧ, ಯಾರಾದರೂ ಮೊದಲೇ ಮಾಡಿದ್ದರೆ ನನಗೆ ಹೇಳಬೇಡಿ. ಮೇ ತಿಂಗಳಲ್ಲಿ ಕರೆಂಟ್ ಹೋದಾಗಲೂ ಹದಿನೆಂಟು ಲೋಟವನ್ನು ಎಂಟು ಡಿಗ್ರಿಯಲ್ಲಿ ಹಿಡಿಯುವ ಉಪಾಯ ಒಂದಿದೆ. ಅದನ್ನು ಬರೆಯುವುದಿಲ್ಲ, ಕೂಟಕ್ಕೆ ಬಂದವರು ನೋಡಿಕೊಳ್ಳಲಿ.

ಒಟ್ಟು ಖರ್ಚು? ಎರಡು ವರ್ಷದಲ್ಲಿ ನನ್ನ ಕೈಯಿಂದಲೇ ನಲವತ್ತು ಸಾವಿರದ ಆಸುಪಾಸು, ಅದರಲ್ಲಿ ಅರ್ಧ ಮೊದಲ ಆರು ತಿಂಗಳ ದಂಡ. ಈಗ ತಲೆಗೆ ಐನೂರು, ತಿಂಗಳಿಗೆ ಒಂದೇ ಕೂಟ. ಬಿಯರ್ ರೇಟ್ ಏರಿದ ಮೇಲೆ ಮೂರು ಸಾವಿರದಲ್ಲಿ ಹೊಂದಿಸುವುದು ಕಷ್ಟ, ಹಾಗಾಗಿ ಒಂದು ಸುತ್ತು ಯಾವಾಗಲೂ ಸಾದಾ ಲಾಗರ್. ಅದರಲ್ಲೇ ಸೋಲುವವರು ಜಾಸ್ತಿ. 1842ರಲ್ಲಿ ಈಗಿನ ಚೆಕ್ ದೇಶದ ಪಿಲ್ಸೆನ್ ಊರಲ್ಲಿ ಹುಟ್ಟಿದ ಹಳದಿ ಬಿಯರಿನ ಮೊಮ್ಮಕ್ಕಳೇ ಇವೆಲ್ಲ. ಅಣ್ಣತಮ್ಮಂದಿರಲ್ಲಿ ಯಾರು ಯಾರು ಅಂತ ಗುರುತಿಸುವುದು ಸುಲಭ ಅಲ್ಲ.

ಮೊನ್ನೆ ಕಾಕಾ ಜೊತೆ ವೈನ್ ಶಾಪಿಗೆ ಹೋಗಿದ್ದೆ. ಹುಡುಗ ಅಭ್ಯಾಸದಂತೆ ಅವರ ಹಳೇ ಸ್ಟ್ರಾಂಗ್ ಎತ್ತಿ ಕೌಂಟರ್ ಮೇಲೆ ಇಟ್ಟ. ಕಾಕಾ ಕನ್ನಡಕ ಹಾಕಿಕೊಂಡು ಬಾಟಲಿ ತಿರುಗಿಸಿದರು, ಲೇಬಲ್ಲಿನ ತಾರೀಖು ಓದಿದರು, ಬೆರಳಲ್ಲಿ ತಿಂಗಳು ಎಣಿಸಿದರು. ಐದು ತಿಂಗಳು ದಾಟಿತ್ತು. "ತಮ್ಮಾ, ಇದು ರಟ್ಟ ಆಗಿರತೈತಿ. ಹಿಂದಿಂದು ಕೊಡು" ಅಂದರು. ಹುಡುಗ ನನ್ನ ಮುಖ ನೋಡಿದ. ಸ್ಟೂಲ್ ಹತ್ತಿ ಹಿಂದಿನ ಸಾಲಿಗೆ ಕೈ ಹಾಕಿದ.