ಎತ್ತರಿಸಿದ ಜೀಪಿನ ಸ್ಟೀರಿಂಗ್ ನಡುಗುತ್ತಿದೆಯೇ? ಡ್ಯಾಂಪರ್ ಬದಲಿಸುವ ಮೊದಲು ಬೋಲ್ಟ್ ನೋಡಿ

ಸೇತುವೆಯ ಜೋಡಣೆಯ ಮೇಲೆ ಎಡಚಕ್ರ ಒಮ್ಮೆ ಎಗರಿತು, ಅಷ್ಟೇ. ಮರುಕ್ಷಣ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋಗುವಂತೆ ಎಡಕ್ಕೂ ಬಲಕ್ಕೂ ಬಡಿದುಕೊಳ್ಳತೊಡಗಿತು. ಡ್ಯಾಶ್‌ಬೋರ್ಡ್ ಮೇಲಿದ್ದ ಕನ್ನಡಕ ಹಾರಿ ಕಾಲಬುಡಕ್ಕೆ ಬಿತ್ತು. ಗಾಡಿ ಹೆಚ್ಚುಕಡಿಮೆ ನಿಲ್ಲುವ ತನಕ ನಡುಕ ಬಿಡಲಿಲ್ಲ. ಇದಕ್ಕೆ ‘ಡೆತ್ ವಾಬಲ್’ ಎಂಬ ಹೆಸರಿದೆ. ಮುಂದಿನ ಎರಡೂ ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಜೋಡಿಸಿರುವ ಗಾಡಿಗಳನ್ನು, ಅಂದರೆ ರ‍್ಯಾಂಗ್ಲರ್, ಜಿಮ್ನಿ, ಹಳೆಯ ಲ್ಯಾಂಡ್ ಕ್ರೂಸರ್‌ಗಳಂಥವನ್ನು ಎತ್ತರಿಸಿ ದೊಡ್ಡ ಟೈರ್ ಹಾಕಿಸಿಕೊಂಡವರನ್ನು ಹೆಚ್ಚಾಗಿ ಕಾಡುವ ತೊಂದರೆ ಇದು.

ಓಡಿಸುವಾಗಲೇ ನಡುಕ ಶುರುವಾದರೆ ಗಾಬರಿಯಿಂದ ಬ್ರೇಕ್ ಒತ್ತಬೇಡಿ. ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು, ಆಕ್ಸಿಲರೇಟರ್ ಬಿಟ್ಟು, ವೇಗ ನಿಧಾನವಾಗಿ ಇಳಿಯಲು ಬಿಡಿ. ಹೆಬ್ಬೆರಳುಗಳು ಸ್ಟೀರಿಂಗ್ ಕಡ್ಡಿಗಳ ಒಳಗಡೆ ಸಿಕ್ಕಿಕೊಂಡಿರಬಾರದು.

ನನ್ನ ಗಾಡಿಯನ್ನು ನೋಡಿದ ಮೊದಲ ಗ್ಯಾರೇಜಿನವರು ಸ್ಟೀರಿಂಗ್ ಡ್ಯಾಂಪರ್ ಬದಲಿಸಿ ಕಳುಹಿಸಿದರು. ಮೂರು ವಾರ ನೆಮ್ಮದಿ; ನಾಲ್ಕನೆಯ ವಾರ ನಡುಕ ಮರಳಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಡ್ಯಾಂಪರ್ ನಡುಕವನ್ನು ಹೀರಿಕೊಳ್ಳುತ್ತದೆಯೇ ಹೊರತು ಅದರ ಮೂಲವನ್ನು ತೆಗೆಯುವುದಿಲ್ಲ. ಮೂಲ ಇರುವುದು ಯಾವುದೋ ಕೀಲಿನ ಸಡಿಲದಲ್ಲಿ, ಮೆಕ್ಯಾನಿಕ್‌ಗಳು ‘ಪ್ಲೇ’ ಎನ್ನುವ ಆಟದಲ್ಲಿ. ಹುಡುಕಬೇಕಾದದ್ದು ಅದನ್ನೇ.

ನಡುಕ ಯಾವ ಬಗೆಯದು?

ಗಂಟೆಗೆ 80 ಕಿ.ಮೀ. ಆಸುಪಾಸಿನಲ್ಲಿ ಸ್ಟೀರಿಂಗ್ ಸಣ್ಣಗೆ ಕಂಪಿಸಿ, ವೇಗ ಬದಲಾದಂತೆ ಕಡಿಮೆಯಾದರೆ ಅದು ಬಹುಮಟ್ಟಿಗೆ ಟೈರಿನ ದೋಷ. ಗುಂಡಿಗೆ ಬಿದ್ದಾಗ ಗಾಡಿ ಒಂದೇ ಕಡೆಗೆ ಎಳೆದು ಮತ್ತೆ ಸರಿಯಾದರೆ ರಾಡ್‌ಗಳ ಕೋನ ಕೆಟ್ಟಿದೆ. ನೇರ ರಸ್ತೆಯಲ್ಲೂ ಗಾಡಿ ಅತ್ತಿತ್ತ ಅಲೆಯುತ್ತ, ತಿರುವಿನ ನಂತರ ಸ್ಟೀರಿಂಗ್ ತಾನಾಗಿ ಮಧ್ಯಕ್ಕೆ ಬಾರದಿದ್ದರೆ ಕ್ಯಾಸ್ಟರ್ ಎಂಬ ಕೋನ (ಅದರ ವಿವರ ಕೊನೆಯಲ್ಲಿದೆ) ಕಡಿಮೆಯಾಗಿದೆ. ಒಂದು ಹೊಡೆತಕ್ಕೆ ಶುರುವಾಗಿ, ನಿಲ್ಲಿಸುವ ತನಕ ಬಿಡದ ಹುಚ್ಚು ಕುಣಿತವಾದರೆ ಎಲ್ಲೋ ಒಂದು ಕೀಲು ಸಡಿಲವಾಗಿದೆ.

ಮೊದಲು ಟೈರ್

ಖರ್ಚಿಲ್ಲದ ಕೆಲಸದಿಂದಲೇ ಆರಂಭಿಸಿ. ರಿಮ್ಮಿನ ಒಳಬದಿಯಲ್ಲಿ ಒಣಗಿದ ಕೆಸರಿನ ಹೆಂಟೆ ಅಂಟಿಕೊಂಡಿದ್ದರೆ ಎಂಥ ಬ್ಯಾಲೆನ್ಸಿಂಗೂ ವ್ಯರ್ಥ. ನೀರು ಹೊಡೆದು ತೊಳೆಯಿರಿ. ಮರಳಿನಲ್ಲಿ ಓಡಿಸಲು ಇಳಿಸಿದ ಗಾಳಿಯನ್ನು ಮತ್ತೆ ತುಂಬಿಸಲು ಮರೆತಿದ್ದೀರಾ, ನೋಡಿ. ಚಕ್ರದ ನಟ್‌ಗಳನ್ನು ಬಿಗಿದು, ಮುಂದಿನ ಎರಡು ಚಕ್ರಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿ ಓಡಿಸಿ. ನಡುಕದ ಸ್ವಭಾವ ಬದಲಾದರೆ ದೋಷಿ ಚಕ್ರವೋ ಟೈರೋ ಎಂದು ತಿಳಿಯುತ್ತದೆ.

ನಿಂತಲ್ಲೇ ಸ್ಟೀರಿಂಗ್ ಪರೀಕ್ಷೆ

ಇದಕ್ಕೆ ಇಬ್ಬರು ಬೇಕು. ಗಾಡಿ ಸಮತಟ್ಟಾದ ನೆಲದ ಮೇಲೆ ತನ್ನ ಚಕ್ರಗಳ ಮೇಲೇ ನಿಂತಿರಲಿ; ಜ್ಯಾಕ್ ಬೇಡ. ಹ್ಯಾಂಡ್ ಬ್ರೇಕ್ ಎಳೆದು, ಹಿಂಚಕ್ರಗಳಿಗೆ ಅಡ್ಡಗಲ್ಲು ಕೊಡಿ. ಡ್ಯಾಂಪರಿನ ಒಂದು ತುದಿಯನ್ನು ಕಳಚಿಡಿ, ಇಲ್ಲವಾದರೆ ಅದು ಸಡಿಲವನ್ನು ಮುಚ್ಚಿಡುತ್ತದೆ. ಎಂಜಿನ್ ಚಾಲೂ ಮಾಡಿ, ಒಬ್ಬರು ಸ್ಟೀರಿಂಗನ್ನು ಎಡಕ್ಕೆ ಕಾಲು ಸುತ್ತು, ಬಲಕ್ಕೆ ಕಾಲು ಸುತ್ತು ಬಿಡದೆ ತಿರುಗಿಸುತ್ತಿರಲಿ. ಇನ್ನೊಬ್ಬರು ಟಾರ್ಚ್ ಹಿಡಿದು ಕೆಳಗೆ ಮಲಗಿ ಒಂದೊಂದೇ ಕೀಲನ್ನು ನೋಡಬೇಕು.

ನೋಟ ಮೊದಲು ಹೋಗಬೇಕಾದದ್ದು ಟ್ರ್ಯಾಕ್ ಬಾರ್ ಕಡೆಗೆ. ಪ್ಯಾನ್‌ಹಾರ್ಡ್ ರಾಡ್ ಎಂದೂ ಕರೆಯುವ ಇದು ಚಾಸಿಸ್ಸಿನ ಒಂದು ಬದಿಯಿಂದ ಆಕ್ಸಲ್ಲಿನ ಇನ್ನೊಂದು ಬದಿಗೆ ಅಡ್ಡಲಾಗಿ ಹೋಗುತ್ತದೆ. ಆಕ್ಸಲ್ ಪಕ್ಕಕ್ಕೆ ಜಾರದಂತೆ ಹಿಡಿದಿಡುವುದೇ ಅದರ ಕೆಲಸ. ಅದರ ಬೋಲ್ಟ್ ಕೂದಲೆಳೆಯಷ್ಟು ಅಲುಗಿದರೂ ಇಡೀ ಆಕ್ಸಲ್ ಅಲುಗುತ್ತದೆ. ನನ್ನ ಗಾಡಿಯಲ್ಲಿ ಸಿಕ್ಕಿದ್ದೂ ಇದೇ. ಸ್ಟೀರಿಂಗ್ ದಿಕ್ಕು ಬದಲಿಸಿದಾಗಲೆಲ್ಲ ‘ಟಕ್’ ಎಂಬ ಸದ್ದು. ಬೋಲ್ಟಿನ ತಲೆಯ ಸುತ್ತ ಕುಂಕುಮದಂಥ ತುಕ್ಕಿನ ಪುಡಿ. ಬಿಚ್ಚಿದಾಗ ದುಂಡಗಿರಬೇಕಾದ ಬ್ರಾಕೆಟ್ಟಿನ ತೂತು ಮೊಟ್ಟೆಯಾಕಾರಕ್ಕೆ ಸವೆದು, ಅಂಚಿನಲ್ಲಿ ಬಿದಿಗೆ ಚಂದ್ರನಂತೆ ಹೊಳೆಯುವ ಹೊಸ ಲೋಹ. ಇಂಥ ತೂತಿಗೆ ಎಷ್ಟು ಬಿಗಿದರೂ ಬೋಲ್ಟ್ ನಿಲ್ಲದು. ಬ್ರಾಕೆಟ್ ಬದಲಿಸಬೇಕು, ಇಲ್ಲವೇ ಸರಿ ಅಳತೆಯ ವಾಷರನ್ನು ಬೆಸುಗೆ ಹಾಕಿಸಬೇಕು.

ಆಮೇಲೆ ಸ್ಟೀರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ಡ್ರ್ಯಾಗ್ ಲಿಂಕ್, ಎರಡೂ ಮುಂಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಟೈ ರಾಡ್, ಇವುಗಳ ತುದಿಗಳು. ಟೈ ರಾಡ್ ತನ್ನ ಅಕ್ಷದ ಸುತ್ತ ತುಸು ಉರುಳುವುದು ಸಹಜ. ಅದನ್ನು ಕಂಡು ಹೊಸದು ಕೊಳ್ಳಲು ಓಡಬೇಡಿ. ಕೀಲಿನ ಗುಂಡು ತನ್ನ ಗೂಡಿನೊಳಗೆ ಮೇಲೆ ಕೆಳಗೆ ಕುಲುಕಿದರೆ ಮಾತ್ರ ಅದು ಸವೆದಿದೆ. ಸ್ಟೀರಿಂಗ್ ಬಾಕ್ಸ್ ಚಾಸಿಸ್ಸಿಗೆ ಕೂರುವ ಜಾಗದಲ್ಲಿ ಬಣ್ಣ ಸೀಳಿ ತುಕ್ಕಿನ ಗೆರೆ ಕಾಣಿಸಿದರೆ ಅದು ಬಿರುಕಿರಬಹುದು. ಹಾಗಿದ್ದರೆ ಅದು ರಿಪೇರಿಯಾಗುವವರೆಗೆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ.

ಚಕ್ರ ಎತ್ತಿ ನೋಡಿ

ಆಕ್ಸಲ್ಲಿನ ಕೆಳಗೆ ಜ್ಯಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬಿ ಕೆಳಗೆ ತೂರಬೇಡಿ. ಟೈರಿನ ತುದಿ ಮತ್ತು ಬುಡ ಹಿಡಿದು ಅಲುಗಿಸಿ. ಆಟ ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲುಗಿಸಿ. ಆಟ ಮಾಯವಾದರೆ ಚಕ್ರದ ಬೇರಿಂಗ್ ಸವೆದಿದೆ. ಹಾಗೇ ಉಳಿದರೆ ಚಕ್ರ ಎಡಬಲಕ್ಕೆ ಹೊರಳಲು ಬಿಡುವ ಕೀಲು ಸವೆದಿದೆ: ಬಾಲ್ ಜಾಯಿಂಟ್, ಅಥವಾ ಜಿಮ್ನಿಯಂಥ ಗಾಡಿಗಳಲ್ಲಿ ಕಿಂಗ್‌ಪಿನ್ ಬೇರಿಂಗ್. ಟೈರಿನ ಕೆಳಗೆ ಸಲಾಕೆ ಕೊಟ್ಟು ಮೀಟಿದರೆ ಬಾಲ್ ಜಾಯಿಂಟಿನ ಮೇಲು ಕೆಳಗಿನ ಆಟವೂ ಹೊರಬೀಳುತ್ತದೆ. ಆಕ್ಸಲ್ಲನ್ನು ಚಾಸಿಸ್ಸಿಗೆ ಜೋಡಿಸುವ ಕಂಟ್ರೋಲ್ ಆರ್ಮ್‌ಗಳ ರಬ್ಬರ್ ಬುಷ್ ಹರಿದಿದೆಯೇ ಎಂದು ಇದೇ ಹೊತ್ತಿಗೆ ನೋಡಿಬಿಡಿ.

ಎತ್ತರಿಸಿದ್ದರಿಂದ ಕೆಟ್ಟ ಕೋನಗಳು

ಗಾಡಿಯ ಮೈ ಮೇಲೇರಿದಾಗ ಟ್ರ್ಯಾಕ್ ಬಾರ್ ಹೆಚ್ಚು ಓರೆಯಾಗಿ, ಆಕ್ಸಲ್ಲನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತದೆ. ಮುಂದಿನಿಂದ ನೋಡಿದಾಗ ಟ್ರ್ಯಾಕ್ ಬಾರ್ ಮತ್ತು ಡ್ರ್ಯಾಗ್ ಲಿಂಕ್ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಒಂದರ ಬ್ರಾಕೆಟ್ ಮಾತ್ರ ಬದಲಿಸಿ ಇನ್ನೊಂದನ್ನು ಹಾಗೇ ಬಿಟ್ಟರೆ ಪ್ರತಿ ಗುಂಡಿಯಲ್ಲೂ ಸ್ಟೀರಿಂಗ್ ತಾನೇ ತಿರುಗುತ್ತದೆ.

ಕ್ಯಾಸ್ಟರ್ ಎಂದರೆ ಸ್ಟೀರಿಂಗ್ ತಿರುಗಿಸಿದಾಗ ಮುಂಚಕ್ರ ಎಡಬಲಕ್ಕೆ ಹೊರಳುವ ಅಕ್ಷದ ತಲೆ ಹಿಂದಕ್ಕೆ ವಾಲಿರುವ ಕೋನ. ಹಳೆಯ ಉದ್ದದ ಕಂಟ್ರೋಲ್ ಆರ್ಮ್‌ಗಳನ್ನೇ ಉಳಿಸಿಕೊಂಡು ಎತ್ತರಿಸಿದರೆ ಆಕ್ಸಲ್ ಮುಂದಕ್ಕೆ ಉರುಳಿ ಈ ಕೋನ ಕುಗ್ಗುತ್ತದೆ. ಕೇಂದ್ರ ತಪ್ಪಿಸಿ ಕೊರೆದ ಬುಷ್ ಅಥವಾ ಹೊಂದಿಸಬಹುದಾದ ಆರ್ಮ್‌ಗಳಿಂದ ಅದನ್ನು ಮರಳಿ ಪಡೆಯಬಹುದು. ಆಸೆಗೆ ಬಿದ್ದು ಹೆಚ್ಚು ತಿರುಗಿಸಿದರೆ ಮುಂದಿನ ಡ್ರೈವ್‌ಶಾಫ್ಟಿನ ಕೋನ ಕೆಡುತ್ತದೆ. ಟೋ, ಅಂದರೆ ಮುಂದಿನ ಎರಡು ಚಕ್ರಗಳು ಒಳಕ್ಕೋ ಹೊರಕ್ಕೋ ತುಸು ತಿರುಗಿ ನಿಂತಿರುವುದನ್ನು ಅಳೆಯಲು ಟೇಪ್ ಸಾಕು: ಎರಡೂ ಟೈರಿನ ನಡುಮಧ್ಯೆ ಸೀಮೆಸುಣ್ಣದ ಗೆರೆ ಎಳೆದು, ಗೆರೆಗಳ ಅಂತರವನ್ನು ಆಕ್ಸಲ್ ಎತ್ತರದಲ್ಲಿ ಮುಂದೊಮ್ಮೆ, ಹಿಂದೊಮ್ಮೆ ಅಳೆಯಿರಿ. ಸಾಮಾನ್ಯವಾಗಿ ಮುಂದಿನ ಅಳತೆ 2–3 ಮಿ.ಮೀ. ಕಡಿಮೆ ಇರಬೇಕು. ಆದರೆ ನಿಮ್ಮ ಗಾಡಿಯ ಕೈಪಿಡಿಯ ಅಂಕಿಯೇ ಕೊನೆಯ ಮಾತು.

ಒಮ್ಮೆಗೆ ಒಂದೇ ಭಾಗ ಬದಲಿಸಿ, ಅದೇ ರಸ್ತೆಯಲ್ಲಿ ಓಡಿಸಿ ನೋಡಿ. ರಬ್ಬರ್ ಬುಷ್ ಇರುವ ಬೋಲ್ಟ್‌ಗಳ ಕೊನೆಯ ಬಿಗಿತವನ್ನು ಗಾಡಿಯ ಭಾರವೆಲ್ಲ ಚಕ್ರಗಳ ಮೇಲಿರುವಾಗ ಟಾರ್ಕ್ ರೆಂಚಿನಿಂದಲೇ ಕೊಡಿ. ಗಾಳಿಯಲ್ಲಿ ತೂಗುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಬಿಗಿದಾದ ಮೇಲೆ ನಟ್ಟಿನಿಂದ ಬ್ರಾಕೆಟ್ಟಿನವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆದಿಡಿ. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಬಗ್ಗಿ ನೋಡಿದಾಗ ಗೆರೆ ಮುರಿದಿದ್ದರೆ ನಟ್ ಸರಿದಿದೆ.